ಐವತ್ತಕ್ಕೆ ಐವತ್ತರ ಸಿನಿಮಾ

ನಮ್ಮ ಸೋದರಮಾವನಷ್ಟು ಶಿಸ್ತಿನ ಮನುಷ್ಯ ಇಡೀ ಪುಣೆಯಲ್ಲಿ ಇನ್ನೊಬ್ಬನಿಲ್ಲ. ಆ ಶಿಸ್ತು ಒಂದೇ ಒಂದು ವಿಷಯಕ್ಕೆ ಸೀಮಿತವಾಗಿತ್ತು, ಅಷ್ಟೆ. ಸ್ನಾನಕ್ಕಾಗಲಿ, ಕರೆಂಟ್ ಬಿಲ್ ತುಂಬುವುದಕ್ಕಾಗಲಿ, ಕಾರ್ಖಾನೆಯ ತಮ್ಮ ಗುಮಾಸ್ತಿಕೆಗೆ ಹಾಜರಾಗುವುದಕ್ಕಾಗಲಿ ಅವರಿಗೆ ಹೊತ್ತುಗೊತ್ತು ಇರಲಿಲ್ಲ. ಆದರೆ ತಮ್ಮ ಮೆಚ್ಚಿನ ಕನ್ನಡ ನಟನ ಸಿನಿಮಾ ನೋಡಲು ಒಂದು ಕಾಯ್ದೆ ಇತ್ತು. ನಟ ಯಾವ ವಯಸ್ಸಿನಲ್ಲಿ ಆ ಸಿನಿಮಾ ಮಾಡಿದ್ದನೋ, ಮಾಮಾ ಆ ವಯಸ್ಸಿಗೆ ಬಂದ ಮೇಲೆಯೇ ಅದನ್ನು ನೋಡಬೇಕು! ನಲವತ್ತೈದರದನ್ನು ನಲವತ್ತೈದಕ್ಕೆ, ಐವತ್ತರದನ್ನು ಐವತ್ತಕ್ಕೆ. ಒಂದು ವರ್ಷ ಮೊದಲು ನೋಡುವಂತಿಲ್ಲ.

ಇಪ್ಪತ್ತಕ್ಕೆ ಧಾರವಾಡ ಬಿಟ್ಟು ಪುಣೆಗೆ ಬಂದವರಿಗೆ ಕನ್ನಡ ಸಿನಿಮಾ ಎಲ್ಲಿಂದ ಸಿಗಬೇಕು? ಮನೆಗೆ ವಿಡಿಯೋ ಯಂತ್ರ ಬಂದಾಗ ಮಾಮಾಗೆ ನಲವತ್ತು ದಾಟಿತ್ತು, ನಟನ ಸಿನಿಮಾಗಳೆಲ್ಲ ನೋಡುವುದು ಬಾಕಿಯಿತ್ತು. ಊರಿನಿಂದ ಬರುವ ನೆಂಟರೆಲ್ಲ ಬುತ್ತಿಯ ಗಂಟಿನ ಜೊತೆಗೆ ಒಂದೊಂದು ಕ್ಯಾಸೆಟ್ ತರಲೇಬೇಕೆಂದಾಯಿತು. ನಟನ ಚಿಕ್ಕ ವಯಸ್ಸಿನವುಗಳನ್ನು ಒಂದೊಂದಾಗಿ ನೋಡಿ ಮುಗಿಸಿದರು. ಉಳಿದವು ಟ್ರಂಕಿಗೆ ಹೋದವು. ಕಾಲೇಜಿಗೆಂದು ಬಂದು ಅವರ ಮನೆಯಲ್ಲೇ ಬೀಡುಬಿಟ್ಟಿದ್ದ ತಂಗಿಯ ಮಗಳಾದ ನಾನು, "ಟ್ರಂಕಿನ್ಯಾಗ ಅಷ್ಟು ಸಿನಿಮಾ ಅದಾವು, ನೋಡಿದ್ರ ಏನಾಗತದರಿ ಮಾಮಾ?" ಎಂದು ಕೇಳಿದ್ದೆ.

"ಐವತ್ತರ ಮನಷ್ಯಾನ ದುಃಖ ನಲವತ್ತೈದರಾಂವಗ ಏನ ತಿಳೀತದ? ಸುಮ್ನ ಹಾಡು ಕೇಳಿ ಎದ್ದು ಬರ್ತಾನ" ಎಂದರು. ಹತ್ತೊಂಬತ್ತರ ನನಗೆ ಅದೂ ತಿಳಿಯಲಿಲ್ಲ.

ಈ ಕಾಯ್ದೆಗೆ ಒಂದು ತೊಡಕಿತ್ತು. ಮಾಮಾಗೇ ಎರಡು ವಯಸ್ಸು! ನಮ್ಮ ಕಡೆ ಆ ಕಾಲದವರೆಲ್ಲ ಶಾಲೆಯ ದಾಖಲೆಯಲ್ಲಿ ಹುಟ್ಟುವುದು ಜೂನ್ ಒಂದಕ್ಕೇ. ವರ್ಷವನ್ನು ಮಾಸ್ತರರು ಹುಡುಗನ ಎತ್ತರ ನೋಡಿ ಬರೆದುಕೊಳ್ಳುತ್ತಿದ್ದರು. ಮಾಮಾ ಗಿಡ್ಡ. ಹೀಗಾಗಿ ಅವರನ್ನು ಹೆತ್ತ ಅಜ್ಜಿಯ ಲೆಕ್ಕಕ್ಕಿಂತ ದಾಖಲೆಯಲ್ಲಿ ಎರಡು ವರ್ಷ ಕಡಿಮೆಯಾದವು. ಮಾಮಾ ಬಹಳ ಯೋಚಿಸಿ ತೀರ್ಪು ಕೊಟ್ಟರು: "ಸಿನಿಮಾಕ್ಕ ಅವ್ವನ ಲೆಕ್ಕ, ನೌಕರಿಗೆ ಮಾಸ್ತರರ ಲೆಕ್ಕ." ಎರಡು ವರ್ಷ ಮೊದಲು ಸಿನಿಮಾ, ಎರಡು ವರ್ಷ ಹೆಚ್ಚಿಗೆ ಸಂಬಳ. ಅಡುಗೆಮನೆಯಿಂದ ಮಾಮಿ, "ಬಿ.ಪಿ. ಗುಳಿಗಿ ತಗೊಳ್ಳಾಕ ಯಾರ ಲೆಕ್ಕರಿ?" ಎಂದರು.

ಐವತ್ತರ ಸಿನಿಮಾದಲ್ಲಿ ನಟ ಪುಸ್ತಕ ಹಿಡಿದು ಕಾಲೇಜಿಗೆ ಹೊರಟಿದ್ದ. ಮಾಮಾ ಅದನ್ನು ಗಂಭೀರವಾಗಿ ತೆಗೆದುಕೊಂಡರು. ಮರುದಿನ ಬಿಗಿ ಪ್ಯಾಂಟು ಹಾಕಿ, ನಾವಿದ್ದ ಹಳೆಯ ವಾಡೆಯ ಕಟ್ಟಿಗೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಲು ಹೋಗಿ, ಮೂರು ದಿನ ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಂಡು ಮಲಗಿದರು. ಎಣ್ಣೆ ತಿಕ್ಕುತ್ತ ಮಾಮಿ, "ಅವರ ಹಿಂದ ಕುಣಿಯಾಕ ಮೂವತ್ತು ಮಂದಿ ಇರ್ತಾರ. ನಿಮ್ಮ ಹಿಂದ ನಾ ಒಬ್ಬಾಕಿ ಅದೀನಿ, ಅದೂ ಕಸಬರಿಗಿ ಹಿಡಕೊಂಡು!" ಎಂದರು.

ಅದೇ ವರ್ಷ ಮದುವೆಯ ದಿಬ್ಬಣದ ಬಸ್ಸಿನಲ್ಲಿ ಊರಿಗೆ ಹೊರಟಿದ್ದೆವು. ಪುಣೆ ಬಿಟ್ಟು ಭೋರ್ ಊರಿನ ತಿರುವು ದಾಟುತ್ತಿದ್ದಂತೆ ಯಾರೋ ವಿಡಿಯೋ ಹಾಕಿದರು. ನೋಡಿದರೆ ಅದೇ ನಟ, ಐವತ್ತೈದರ ಸಿನಿಮಾ! ವಿಡಿಯೋ ನಿಲ್ಲಿಸಿರೆಂದು ಮಾಮಾ ಕೇಳಿಕೊಂಡರು. ಬೀಗರ ಕಡೆಯವರು ಒಪ್ಪುತ್ತಾರೆಯೇ? ಮಾಮಾ ಕಿವಿಗೆ ಹತ್ತಿ ತುರುಕಿಕೊಂಡು, ಟವೆಲಿನಿಂದ ಕಣ್ಣು ಕಟ್ಟಿಕೊಂಡು, ತಡವರಿಸುತ್ತ ಹೋಗಿ ಚಾಲಕನ ಪಕ್ಕ ಕುಳಿತರು.

"ಕಾಕಾ, ಗಾಡೀ ಲಾಗತೇ ಕಾ?" ಎಂದು ಚಾಲಕ ಜೋರಾಗಿ ಕೇಳಿದ. ಬಸ್ಸಿನ ಓಟಕ್ಕೆ ಹೊಟ್ಟೆ ತೊಳಸುತ್ತಿದೆಯೆಂದು ಅವನು ತಿಳಿದಿದ್ದ. ಇಲ್ಲಪ್ಪ, ಈ ಸಿನಿಮಾ ನೋಡುವಷ್ಟು ವಯಸ್ಸು ತನಗಿನ್ನೂ ಆಗಿಲ್ಲ ಎಂದು ಮಾಮಾ ಶುದ್ಧ ಮರಾಠಿಯಲ್ಲಿ ವಿವರಿಸಿದರು. ಚಾಲಕ ಅವರ ನರೆತ ಮೀಸೆಯನ್ನೊಮ್ಮೆ ನೋಡಿದ. ಆಮೇಲೆ ತನ್ನ ತಲೆಯ ಮೇಲಿನ ಕನ್ನಡಿಯನ್ನು ವಿಡಿಯೋ ಕಡೆಗೆ ತಿರುಗಿಸಿಕೊಂಡ.

ಮುಂದೊಂದು ವಯಸ್ಸಿನಲ್ಲಿ ನಟ ಒಂದೂ ಸಿನಿಮಾ ಮಾಡಿರಲಿಲ್ಲ. ಮಾಮಾಗೆ ಆ ವರ್ಷವಿಡೀ ಉಪವಾಸ! ನಾನು ಕಾಡಿದೆ, ಬೇಡಿದೆ, ಟ್ರಂಕಿನ ಮೇಲೆ ಕುಳಿತು ಸತ್ಯಾಗ್ರಹವನ್ನೂ ಮಾಡಿದೆ. "ಅವರು ವಿಶ್ರಾಂತಿ ತಗೊಂಡಾರ, ನಾನೂ ತಗೋತೀನಿ" ಎಂದು ಮಾಮಾ ಕಾಲು ಚಾಚಿ ಗೋಡೆ ನೋಡುತ್ತ ಕುಳಿತರು. ಆಫೀಸಿನಲ್ಲೂ ಹಾಗೆಯೇ ಕುಳಿತಿದ್ದರೆಂದು ಆಮೇಲೆ ತಿಳಿಯಿತು.

ಐವತ್ತೆಂಟಕ್ಕೆ ಅವರ ಹೃದಯ ಕೈಕೊಟ್ಟಿತು. ಎದೆ ತೆರೆದು ಆಪರೇಷನ್ ಮಾಡಲೇಬೇಕು, ಏನನ್ನೂ ಈಗಲೇ ಹೇಳಲಾಗದು ಎಂದರು ಡಾಕ್ಟರು. ಅಷ್ಟರಲ್ಲಿ ನಾನು ಪುಣೆಯದೇ ಖರಾಡಿಯ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಆಪರೇಷನ್ನಿನ ಹಿಂದಿನ ಸಂಜೆ ಆಫೀಸಿನಿಂದ ನೇರವಾಗಿ ಆಸ್ಪತ್ರೆಗೆ ಹೋದೆ. ಮಾಮಿ ಚಹಾ ತರಲು ಹೋದದ್ದೇ ತಡ, ಮಾಮಾ ದನಿ ತಗ್ಗಿಸಿದರು.

"ತಂಗಿ, ಆ ಟ್ರಂಕಿನ್ಯಾಗ ತಳದಾಗ ಒಂದು ಸಿ.ಡಿ. ಅದ. ಎಪ್ಪತ್ತರದು, ಅವರ ಕಡೀ ಸಿನಿಮಾ. ನಿನ್ನ ಲ್ಯಾಪ್‌ಟಾಪಿನ್ಯಾಗ ಹಚ್ಚಾಕ ಬರ್ತದಲ್ಲ? ಇವತ್ತ ನೋಡಿಬಿಡತೀನಿ."

ಇಷ್ಟೂ ವರ್ಷ ನಾನು ಬಯಸಿದ್ದು ಇದನ್ನೇ ಅಲ್ಲವೇ? ಆದರೆ ಈಗ ಮಾಮಾ ಹೆದರಿದ್ದರು. ಅವರು ಹೆದರಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಹಚ್ಚೂದಿಲ್ಲರಿ" ಎಂದೆ.

"ನಾಳೆ ಆಪರೇಷನ್ ಆಗೋ ಮನಷ್ಯಾಗ ಒಂದು ಸಿನಿಮಾ ಇಲ್ಲಂತಿ?"

"ಇಲ್ಲಂತೀನಿ. ಎಪ್ಪತ್ತಾಗಲಿ, ನಾನ ತಂದು ಹಚ್ಚತೀನಿ. ಈಗ ಐವತ್ತೆಂಟರದು ಏನರ ಉಳಿದಿದ್ರ ಹೇಳ್ರಿ."

ಅವರು ಸಿಟ್ಟಿನಿಂದ ಗೋಡೆಗೆ ಮುಖ ತಿರುಗಿಸಿದರು. ನಾನು ಹೊರಗೆ ಹೋಗಿ ಲಿಫ್ಟಿನ ಪಕ್ಕ ನಿಂತು ಬಿಕ್ಕಿಬಿಕ್ಕಿ ಅತ್ತೆ. ಆ ಹುಚ್ಚು ಮನುಷ್ಯನ ಮೇಲೆ ನನಗೆಷ್ಟು ಪ್ರೀತಿಯೆಂಬುದು ಆಗಲೇ ಗೊತ್ತಾದದ್ದು. ಮುಖ ತೊಳೆದು ಒಳಗೆ ಬಂದರೆ, ಮಾಮಾ ನರ್ಸಿಗೆ ಮರಾಠಿಯಲ್ಲಿ ನನ್ನ ಮೇಲೆ ದೂರು ಹೇಳುತ್ತಿದ್ದರು, ತಂಗಿಯ ಮಗಳು ಭಾರೀ ಕಡಕ್ ಎಂದು. ಹೇಳುವಾಗ ನಗುತ್ತಿದ್ದರು.

ಬೆಳಿಗ್ಗೆ ಸ್ಟ್ರೆಚರಿನ ಮೇಲೆ ಒಯ್ಯುವಾಗ ನನ್ನ ಮಣಿಕಟ್ಟು ಹಿಡಿದು, "ಎಪ್ಪತ್ತಕ್ಕ ನೀನ ಬಂದು ಹಚ್ಚಬೇಕು ನೋಡು" ಎಂದರು.

"ಹಚ್ಚತೀನ್ರಿ ಮಾಮಾ" ಎಂದೆ.

ಆ ಸಿನಿಮಾವನ್ನು ನಾನು ಇವತ್ತಿನವರೆಗೂ ಹಚ್ಚಿಲ್ಲ. ಮಾಮಾಗೆ ಈಗಿನ್ನೂ ಅರವತ್ತನಾಲ್ಕು, ಅಜ್ಜಿಯ ಲೆಕ್ಕದಲ್ಲೇ.