ಸೇನಾಧಿಪತಿಗಳ ಹನ್ನೆರಡು ಇಂಚು

ಹಳೆಯದಕ್ಕೆ ಬೆಲೆಯೇ ಇಲ್ಲದ ಕಾಲ ಸ್ವಾಮೀ ಇದು. ಇಲ್ಲದಿದ್ದರೆ ನನ್ನ ಬಾಮೈದ, ಊರವರ ಹಲ್ಲು ಕಿತ್ತು ಮರ್ಯಾದೆಯಿಂದ ಬದುಕುವ ದಂತವೈದ್ಯ, ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಹೊತ್ತು ಭಾನುವಾರ ಬೆಳಿಗ್ಗೆಯೇ ನಮ್ಮ ಮನೆಗೆ ಬರುತ್ತಿದ್ದನೇ?

"ಸೇನಾಧಿಪತಿಗಳೇ, ನಮ್ಮ ಆಟಕ್ಕೆ ಹೊಸ ನಿಯಮ ಬಂದಿದೆ. ನಾನೂರು ಪುಟ!"

ನಮ್ಮ ಆಟವೆಂದರೆ ಮೇಜಿನ ಮೇಲಿನ ಯುದ್ಧ. ಹೆಬ್ಬೆರಳುದ್ದದ ಸೀಸದ ಸೈನಿಕರು, ಆಚೆಗೆ ಹತ್ತು, ಈಚೆಗೆ ಹತ್ತು. ಪುಸ್ತಕಗಳೇ ಬೆಟ್ಟ, ಬೆಂಕಿಪೊಟ್ಟಣಗಳೇ ಮನೆ. ಟೇಪಿನಿಂದ ಅಳೆದು ಸೈನಿಕರನ್ನು ನಡೆಸಬೇಕು, ದಾಳ ಉರುಳಿಸಿ ಗುಂಡು ಹಾರಿಸಬೇಕು. ನನ್ನ ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಊಟ ಮರೆತು ಆಡುತ್ತಿದ್ದೆವು. ನಿಯಮವೆಲ್ಲ ಸೇರಿ ಇಪ್ಪತ್ತನಾಲ್ಕೇ ಪುಟ. ಪುಸ್ತಕಕ್ಕೆ ರಟ್ಟು ಹಾಕುವುದು ನನ್ನ ಕಸುಬು. ಅದಕ್ಕೆ ಚರ್ಮದ ರಟ್ಟು ಹಾಕಿ ಚಿನ್ನದ ಅಕ್ಷರ ಒತ್ತಿದ್ದೇನೆ. (ನಮ್ಮ ಮದುವೆಯ ಆಲ್ಬಮ್ಮಿಗೆ ಬರೀ ಬಟ್ಟೆಯ ರಟ್ಟು. ಈ ವಿಷಯ ಮನೆಯಲ್ಲಿ ಆಗಾಗ ಚರ್ಚೆಗೆ ಬರುತ್ತದೆ.)

ಇನ್ನು ನನ್ನ ಬಿರುದಿನ ಕಥೆ. ಇಪ್ಪತ್ತೆರಡು ವರ್ಷದ ಹಿಂದೆ, ಸೇತುವೆ ಕಾಳಗದಲ್ಲಿ, ನನ್ನ ಕೊನೆಯ ಬಂದೂಕಿನವನು ಅವನ ಸರದಾರನನ್ನು ಒಂದೇ ಗುಂಡಿಗೆ ಉರುಳಿಸಿದ. ಸೋತವನು ಗೆದ್ದವನನ್ನು ಮುಂದಿನ ಕಾಳಗದವರೆಗೆ "ಸೇನಾಧಿಪತಿಗಳೇ" ಎಂದು ಕರೆಯಬೇಕೆಂಬುದು ಪಂಥ. ಮುಂದಿನ ಕಾಳಗ ನಡೆಯಲೇ ಇಲ್ಲ (ನಾನು ನಡೆಯಗೊಡಲಿಲ್ಲ). ಹೀಗಾಗಿ ಅವನ ದವಾಖಾನೆಯಲ್ಲಿ, ಕಾದು ಕುಳಿತ ರೋಗಿಗಳ ಎದುರಿಗೇ, "ಸೇನಾಧಿಪತಿಗಳೇ, ಬಾಯಿ ದೊಡ್ಡದಾಗಿ ತೆಗೀರಿ" ಎನ್ನುತ್ತಾನೆ. ಆ ಸುಖಕ್ಕಾಗಿ ಕಲ್ಲಿನಂತಿರುವ ಹಲ್ಲುಗಳನ್ನೂ ತೋರಿಸಿಕೊಂಡು ಬಂದವನು ನಾನು.

ಹೊಸ ಪುಸ್ತಕ ತೆರೆದು ನೋಡಿದೆ. ಸೈನಿಕನೊಬ್ಬ ಬಾಗಿಲು ತೆರೆಯಲು ನಾಲ್ಕು ಪುಟ!

"ಅಷ್ಟು ಓದೋದ್ರೊಳಗೆ ಒಳಗಿರೋನು ಮುದುಕನಾಗಿ ಸಾಯ್ತಾನಲ್ಲೋ! ನಮ್ಮ ಹಳೇದರಲ್ಲಿ ಹದಿನೇಳನೇ ನಿಯಮ ನೋಡು, ಎಂಥಾ ರತ್ನ: ತಕರಾರು ಇರುವವರೆಲ್ಲ ಒಂದೊಂದು ದಾಳ ಹಾಕಲಿ. ಹೆಚ್ಚು ಬಿದ್ದವರ ಮಾತೇ ಕೊನೆ. ಅಳಬಾರದು. ಇಷ್ಟೇ! ಲೋಕಕ್ಕೆಲ್ಲ ಈ ಒಂದು ನಿಯಮ ಸಾಕು."

"ಅಷ್ಟು ನಂಬಿಕೆ ಇದ್ರೆ ಸೇತುವೆ ಕಾಳಗ ಇನ್ನೊಂದ್ಸಲ ಆಡೋಣ. ಹೆದರಿಕೆನಾ?"

ಮಾತು ಮಾನಕ್ಕೆ ಬಂತು. ಅಟ್ಟದಿಂದ ಡಬ್ಬಿ ಇಳಿಸಿದೆ. ಸೈನಿಕರು, ದಾಳ, ಅಳತೆಯ ಟೇಪು, ಎಲ್ಲ ಹಾಗೇ ಇದ್ದವು. ಸೀಸದ ಆ ಪುಟ್ಟ ಮುಖಗಳನ್ನು ನೋಡಿ ನಿಜವಾಗಿಯೂ ಕಣ್ಣು ತುಂಬಿ ಬಂತು. ನನ್ನಾಕೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೇನೆ ಜಮಾಯಿಸಿದೆವು. ಆಕೆ ಹೊಲಿಗೆಯವಳು, ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ.

"ರೀ, ಹನ್ನೆರಡು ಗಂಟೆಗೆ ನನ್ನ ಮೇಜು ನನಗೆ ಬೇಕು," ಎನ್ನುತ್ತಾ ಬಂದವಳು ಟೇಪು ನೋಡಿ ನಿಂತಳು. "ಅಯ್ಯೋ! ಈ ದರಿದ್ರ ಟೇಪು ಇನ್ನೂ ಇದೆಯಾ? ಆಗಲೇ ಕಸದ ಬುಟ್ಟಿಗೆ ಹಾಕಿದ್ದೆನಲ್ಲ?"

"ಗಟ್ಟಿಮುಟ್ಟಾಗಿತ್ತು, ಎತ್ತಿಟ್ಕೊಂಡೆ. ಅದಾದ ಎರಡು ದಿನಕ್ಕೇ ಸೇತುವೆ ಕಾಳಗ ಗೆದ್ದುಕೊಟ್ಟ ಟೇಪು ಇದು!"

"ಅದು ಎಳೆದೂ ಎಳೆದೂ ಹಿಗ್ಗಿ ಹೋಗಿತ್ತು ರೀ! ಅದರಲ್ಲಿ ಎದೆ ಅಳತೆ ತಗೊಂಡು ಕೋಟು ಹೊಲಿದ್ರೆ, ಗುಂಡಿ ಹಾಕಿದ ಗಿರಾಕಿ ಉಸಿರು ಬಿಡೋಕೆ ಒದ್ದಾಡಿಬಿಟ್ಟ." ಪಕ್ಕದಲ್ಲಿ ತನ್ನ ಉಕ್ಕಿನ ಅಳತೆಪಟ್ಟಿ ಇಟ್ಟು ತೋರಿಸಿದಳು. ಟೇಪಿನ ಹನ್ನೆರಡು ಇಂಚು ಎಂದರೆ ನಿಜದ ಹನ್ನೆರಡೂವರೆ.

ಬಾಮೈದ ಮೆಲ್ಲಗೆ ನನ್ನ ಚರ್ಮದ ರಟ್ಟಿನ ಪುಸ್ತಕದ ಕೊನೆಯ ಪುಟ ತಿರುವಿದ. ಕಾಳಗದ ವರದಿಯನ್ನು ನಾನೇ ಮುತ್ತಿನಂಥ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ. ಅವನು ರಾಗವಾಗಿ ಓದಿದ: "'ಗುಂಡು ಹಾರಿದ ದೂರ ಸರಿಯಾಗಿ ಹನ್ನೆರಡು ಇಂಚು. ಕೂದಲೆಳೆಯಷ್ಟೂ ಹೆಚ್ಚಿಲ್ಲ.' ಬಂದೂಕು ಮುಟ್ಟೋದೇ ಹನ್ನೆರಡು ಇಂಚು, ಭಾವ. ನನ್ನ ಸರದಾರ ಸತ್ತೇ ಇಲ್ಲ!"

ಸೇನಾಧಿಪತಿ ಹೋಗಿ ಭಾವ ಬಂದುಬಿಟ್ಟಿತ್ತು.

"ಇಪ್ಪತ್ತೆರಡು ವರ್ಷದ ಮೇಲೆ ತಕರಾರು ಎತ್ತೋ ಹಾಗಿಲ್ಲ!" ಎಂದು ಕೂಗಿದೆ.

"ಎಷ್ಟು ವರ್ಷ ಅಂತ ಹದಿನೇಳನೇ ನಿಯಮದಲ್ಲಿ ಎಲ್ಲಿದೆ? ಎರಡು ಸಾಲಿನ ರತ್ನ ಅಲ್ವಾ? ಹಾಕಿ ದಾಳ."

ಅವನಿಗೆ ಮೂರು ಬಿತ್ತು. ಕಣ್ಣು ಮುಚ್ಚಿ ನಾನು ಹಾಕಿದೆ. ಐದು! ಕುರ್ಚಿಯ ಮೇಲೆ ಹತ್ತಿ ಕುಣಿದೆ. "ಕರಿಯೋ! ಸೇನಾಧಿಪತಿಗಳೇ ಅಂತ ಕರಿಯೋ!"

"ಒಂದ್ನಿಮಿಷ," ಎಂದಳು ನನ್ನಾಕೆ. "ತಕರಾರು ಇರುವವರೆಲ್ಲ ಅಂತಲ್ವಾ ಇರೋದು? ನನಗೂ ಇದೆ. ಮೇಜು ನನ್ನದು, ಟೇಪು ನನ್ನದು, ಸುಳ್ಳು ಹಿಡಿದೋಳು ನಾನು. ಆ ಬಿರುದು ನನಗೆ ಬರಬೇಕು." ನಾನು ಬಾಯಿ ತೆರೆಯುವಷ್ಟರಲ್ಲಿ ದಾಳ ಹಾಕಿಯೇಬಿಟ್ಟಳು. ಅದು ಬೆಂಕಿಪೊಟ್ಟಣಕ್ಕೆ ಬಡಿದು, ನನ್ನ ಇಬ್ಬರು ಸೈನಿಕರನ್ನು ಕೆಡವಿ, ಆರು ತೋರಿಸಿ ನಿಂತಿತು.

ಮೂವರೂ ಪಕ್ಕೆ ಹಿಡಿದುಕೊಂಡು ನಕ್ಕೆವು. ಬಿರುದು ಕಳೆದುಕೊಂಡ ದಿನವೇ ಅಷ್ಟು ನಗು ಬಂದದ್ದು ಹೇಗೋ, ದೇವರೇ ಬಲ್ಲ. ಆದರೆ ನಗು ಮುಗಿಯುವ ಮುನ್ನವೇ ಮೊದಲ ಅಪ್ಪಣೆ ಹೊರಬಿತ್ತು: "ಮೇಜು ಖಾಲಿ ಮಾಡಿ. ಆಮೇಲೆ ಆಲ್ಬಮ್ಮಿಗೆ ಚರ್ಮದ ರಟ್ಟು, ಚಿನ್ನದ ಅಕ್ಷರ."

"ಆಗಲಿ, ಸೇನಾಧಿಪತಿಗಳೇ," ಎಂದೆವು ಇಬ್ಬರೂ.

ಬಾಮೈದ ಹೊರಡುವಾಗ ಬಾಗಿಲ ತನಕ ಹಿಂದೆಯೇ ಹೋದೆ. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದೆ: "ಆ ನಾನೂರು ಪುಟದ ಪುಸ್ತಕ ಒಂದು ವಾರ ಕೊಟ್ಟಿರ್ತೀಯೇನೋ? ತಕರಾರಿನ ವಿಷಯಕ್ಕೆ ಅದರಲ್ಲಿ ಎಷ್ಟು ಪುಟ ಇದೆ ಅಂತ ನೋಡ್ಬೇಕಿತ್ತು."