ವಿಧವೆಯ ಮೆಟ್ಟಿಲೂ ಮಿಲ್ಟನ್‌ನ ಹಾರ್ಡ್‌ಟೇಲೂ

ಮಿಲ್ಟನ್‌ಗೆ ಹೆಂಡತಿಯ ಮೇಲಿದ್ದ ದೊಡ್ಡ ದೂರೆಂದರೆ, ಅವನು ಹೇಳಿದ್ದನ್ನೆಲ್ಲ ಅವಳು ನಂಬುತ್ತಿದ್ದಳು. ಬೇರೆಯವರ ಹೆಂಡತಿಯರು ಹೀಗಲ್ಲ. ಗಂಡ "ನಾನು ಹುಲಿ" ಅಂದರೆ "ಹುಲಿಯಪ್ಪಾ, ಮೊದಲು ಕಸದ ಡಬ್ಬ ಹೊರಗಿಟ್ಟು ಬಾ" ಅನ್ನುತ್ತಾರೆ; ಅಲ್ಲಿಗೆ ಗಂಡನ ಪ್ರಾಣಕ್ಕೆ ಅಪಾಯವಿಲ್ಲ. ಗ್ಲೆಂಡಾ ಮಾತ್ರ ಕಣ್ಣರಳಿಸಿ ಕೇಳುತ್ತಾಳೆ, ನಂಬುತ್ತಾಳೆ, ಆಮೇಲೆ ಊರಿಗೆಲ್ಲ ಹೇಳಿಕೊಂಡು ಬರುತ್ತಾಳೆ.

ಕೊಲರಾಡೋದ ಡುರಾಂಗೋದಲ್ಲಿ ಮಿಲ್ಟನ್‌ನದು ಕನ್ನಡಕದ ಅಂಗಡಿ. ಗುಡ್ಡದಲ್ಲಿ ಸೈಕಲ್ ಓಡಿಸದ ಗಂಡಸನ್ನು ಆ ಊರಿನವರು 'ಪಾಪ, ಏನು ಕಾಯಿಲೆಯೋ' ಎಂಬಂತೆ ನೋಡುತ್ತಾರಾದ್ದರಿಂದ ಅವನ ಹತ್ತಿರವೂ ಒಂದು ಸೈಕಲ್ ಇತ್ತು. ಹಾರ್ಡ್‌ಟೇಲ್. ಅಂದರೆ ಸ್ಪ್ರಿಂಗು ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನ ಚಕ್ರ ತಿಂದ ಏಟೆಲ್ಲ ಸವಾರನ ಬೆನ್ನುಮೂಳೆಗೆ ನೇರ ರವಾನೆ. ಶನಿವಾರದ ಗೆಳೆಯರೆಲ್ಲ ಎರಡೂ ಕಡೆ ಸ್ಪ್ರಿಂಗ್ ಇರುವ ಸೈಕಲ್ ಕೊಂಡರೂ ಮಿಲ್ಟನ್ ಕದಲಲಿಲ್ಲ. "ಸ್ಪ್ರಿಂಗು ಸೋಫಾಕ್ಕಿರಬೇಕ್ರಯ್ಯಾ, ಸೈಕಲ್ಲಿಗಲ್ಲ. ಹಾರ್ಡ್‌ಟೇಲ್ ಓಡಿಸೋನೇ ಸವಾರ" ಎಂದು ಬಿಯರ್ ಕುಡಿಯುತ್ತ ಭಾಷಣ ಬಿಗಿಯುತ್ತಿದ್ದ. (ಅದೇ ಗೆಳೆಯರು ಕಡಿದಾದ ಇಳಿಜಾರಿಗೆ ಕರೆದರೆ, "ಹಾರ್ಡ್‌ಟೇಲಲ್ಲಿ ಅಲ್ಲಿಗೆ ಬರೋಕಾಗಲ್ವಲ್ಲಪ್ಪಾ, ಛೆ!" ಎಂದು ನಿಟ್ಟುಸಿರು ಬಿಡುತ್ತಿದ್ದ. ಜಂಬಕ್ಕೂ ಅದೇ ಸೈಕಲ್, ನೆಪಕ್ಕೂ ಅದೇ.) ನಿಜ ಹೇಳಬೇಕೆಂದರೆ ಮಿಲ್ಟನ್‌ಗೆ ಇಳಿಜಾರು ಕಂಡರೆ ಪ್ರಾಣಭಯ. ಸ್ವಂತ ಮನೆಯ ಮೆಟ್ಟಿಲನ್ನೇ ಅವನು ಕಂಬಿ ಹಿಡಿದು ಇಳಿಯುತ್ತಿದ್ದ.

ಏಪ್ರಿಲ್‌ನ ಒಂದು ಭಾನುವಾರ ಗ್ಲೆಂಡಾ ಪ್ಯಾನ್‌ಕೇಕಿನ ತಟ್ಟೆಗಳನ್ನು ಸರಿಸಿ ಮೇಜಿನ ಮೇಲೆ ನಕ್ಷೆ ಹರಡಿದಳು. ಪಕ್ಕದಲ್ಲಿ ಅವಳ ತಮ್ಮ ಕೋಲ್ಟರ್ ಇನ್ನೂ ತಿನ್ನುತ್ತಲೇ ಇದ್ದ.

"ಮಿಲ್ಟ್, ನಿನ್ನ ಐವತ್ತನೇ ಹುಟ್ಟುಹಬ್ಬಕ್ಕೆ ಏನು ಮಾಡ್ತಿದ್ದೀವಿ ಹೇಳು ನೋಡೋಣ!"

"ಕೇಕು," ಎಂದ ಮಿಲ್ಟನ್ ಆಸೆಯಿಂದ.

"ಕೇಕಂತೆ, ಕೇಕು! ಯೂಟಾಕ್ಕೆ ಹೋಗ್ತಿದ್ದೀವಿ. ಪೂರ್ತಿ ಒಂದು ವಾರ. ಕೋಲ್ಟರ್‌ನ ವ್ಯಾನು, ನಿನ್ನ ಸೈಕಲ್ಲು. ಕೊನೇ ದಿನ ವಿಧವೆಯ ಮೆಟ್ಟಿಲು!"

ವಿಧವೆಯ ಮೆಟ್ಟಿಲು ಎಂದರೆ ಕೆಂಪುಬಂಡೆಯ ನೆತ್ತಿಯಿಂದ ಕಣಿವೆಯ ತಳಕ್ಕೆ ಇಳಿಯುವ ಸೈಕಲ್ ದಾರಿ. ಆ ವಿಧವೆ ಯಾರು, ಅವಳ ಗಂಡ ಯಾವ ಮೆಟ್ಟಿಲಿನಲ್ಲಿ ಕಾಲವಾದ ಎಂಬುದು ಯಾರಿಗೂ ತಿಳಿಯದು. ಮಿಲ್ಟನ್‌ಗೆ ಮಾತ್ರ ಆ ಗಂಡನ ಮುಖ ಸ್ಪಷ್ಟವಾಗಿ ಕಾಣಿಸಿತು. ಕನ್ನಡಕ ಹಾಕಿಕೊಂಡಿದ್ದ.

"ಅದು... ಹಾರ್ಡ್‌ಟೇಲಲ್ಲಿ ಆಗಲ್ಲ ಗ್ಲೆಂಡಾ."

"ಏನ್ ಭಾವ ಹೀಗಂತೀರಿ?" ಎಂದ ಕೋಲ್ಟರ್. "ಹೋದ ಶನಿವಾರ ತಾನೇ ಹೇಳಿದ್ರಿ, ಹಾರ್ಡ್‌ಟೇಲಲ್ಲಿ ಇಳಿಯೋಕಾಗದ ಗುಡ್ಡ ದೇವರು ಇನ್ನೂ ಮಾಡಿಲ್ಲ ಅಂತ."

"ಅದು ಬಿಯರಿನ ಮಾತು ಕಣೋ."

"ಹೋಗಲಿ, ನನ್ನ ಹಳೇ ಸೈಕಲ್ ತಗೊಳ್ಳಿ. ಎರಡೂ ಕಡೆ ಸ್ಪ್ರಿಂಗಿದೆ, ಹಾಸಿಗೆ ಮೇಲೆ ಕೂತ ಹಾಗಿರುತ್ತೆ."

"ಬೇಡಪ್ಪಾ! ಸೋಫಾ ಮೇಲೆ ಕೂತು ಇಳಿಯೋಕೆ ನಾನೇನು ಮುದುಕನಾ?" ಎಂದು ಮಿಲ್ಟನ್ ಅಭ್ಯಾಸಬಲದಿಂದ ಗುಡುಗಿಬಿಟ್ಟ. ಗುಡುಗಿದ ಮೇಲೆ ತಪ್ಪಿಸಿಕೊಳ್ಳುವ ಎರಡು ಬಾಗಿಲನ್ನೂ ತಾನೇ ಮುಚ್ಚಿಕೊಂಡದ್ದು ಅವನಿಗೆ ಹೊಳೆಯಿತು.

"ನೋಡಿದ್ಯಾ ನಮ್ಮ ಮಿಲ್ಟನ್ನನ್ನ!" ಎಂದು ಗ್ಲೆಂಡಾ ಅವನ ತಟ್ಟೆಗೆ ಇನ್ನೊಂದು ಪ್ಯಾನ್‌ಕೇಕ್ ಹಾಕಿದಳು.

ಉಳಿದದ್ದು ಒಂದೇ ಉಪಾಯ. "ಪ್ರವಾಸದ ಯೋಜನೆಯೆಲ್ಲ ನನಗೆ ಬಿಡಿ" ಎಂದು ಮಿಲ್ಟನ್ ನಕ್ಷೆಯನ್ನು ಎಳೆದುಕೊಂಡ. ಅಂದಿನಿಂದ ಅವನ ಪ್ರಾಣರಕ್ಷಣಾ ಮಹಾಯೋಜನೆ ಆರಂಭವಾಯಿತು. ದಾರಿಯುದ್ದಕ್ಕೂ ಎಷ್ಟು ಕಡೆ ನಿಲ್ಲಿಸಿದರೆ ಕೊನೆಯ ದಿನ ಬರುವುದೇ ಇಲ್ಲ ಎಂಬುದು ಅದರ ಸಾರಾಂಶ. ಡೈನೋಸಾರ್ ಮೂಳೆ ನೋಡುವುದಕ್ಕೆ ಇಡೀ ಒಂದು ದಿನ. ಬಿಸಿನೀರಿನ ಬುಗ್ಗೆಯಲ್ಲಿ ಕೂರುವುದಕ್ಕೆ ಒಂದು ದಿನ. ಪೀಚ್ ಹಣ್ಣಿನ ಪೈ ಮಾರುವ ಒಂದು ಪ್ರಸಿದ್ಧ ಅಂಗಡಿ. ಅದರ ಪೈ ಎಷ್ಟು ಚೆನ್ನಾಗಿದೆ ಎಂದು ತೀರ್ಮಾನಿಸಲು ಅರವತ್ತು ಮೈಲಿ ಆಚೆ ಇನ್ನೊಂದು ಅಂಗಡಿ.

"ಇದೇನು ಸೈಕಲ್ ಪ್ರವಾಸಾನೋ ಪೈ ಪ್ರವಾಸಾನೋ?" ಎಂದಳು ಗ್ಲೆಂಡಾ. "ಸೈಕಲ್ ಎಲ್ಲಪ್ಪಾ ಓಡಿಸ್ತೀಯ?"

"ಇಲ್ನೋಡು. ನದಿ ಪಕ್ಕದಲ್ಲೇ ದಾರಿ. ತಂಪಾಗಿದೆ, ನೆರಳಿದೆ."

"ಅದು ತಾಯಂದಿರು ಮಕ್ಕಳ ಗಾಡಿ ತಳ್ಕೊಂಡು ಹೋಗೋ ದಾರಿ, ಮಿಲ್ಟ್!" ಎಂದು ಅವಳು ಕೆಂಪು ಪೆನ್ಸಿಲಿನಿಂದ ಗೀಟು ಹೊಡೆದಳು. "ನಮಗೆ ಕಷ್ಟ ಆಗಬಾರದು ಅಂತ ನೀನು ನಿನ್ನ ಆಸೇನೆಲ್ಲ ಬಿಟ್ಟುಕೊಡಬೇಡ. ಇದು ನಿನ್ನ ಹುಟ್ಟುಹಬ್ಬ." ಮೂಳೆ, ಬುಗ್ಗೆ, ಎರಡನೆಯ ಪೈ, ಎಲ್ಲಕ್ಕೂ ಗೀಟು ಬಿತ್ತು.

ಮಿಲ್ಟನ್ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲೆಲ್ಲ ಫೋನಿನಲ್ಲಿ ವಿಧವೆಯ ಮೆಟ್ಟಿಲಿನ ವಿಡಿಯೋ ನೋಡತೊಡಗಿದ. ಹಲ್ಲು ನೋವಿದ್ದವನು ನಾಲಿಗೆಯಿಂದ ಅದೇ ಹಲ್ಲನ್ನು ಮುಟ್ಟುತ್ತಾನಲ್ಲ, ಹಾಗೆ. ಅಲ್ಲಿನ ಒಂದೊಂದು ಕಲ್ಲೂ ಅವನಿಗೆ ನೆಂಟರಷ್ಟು ಪರಿಚಯವಾಯಿತು. ವಿಡಿಯೋದಲ್ಲಿ ಹುಡುಗರು ಮೆಟ್ಟಿಲಿಂದ ಮೆಟ್ಟಿಲಿಗೆ ಹಾರುವಾಗ ಇಲ್ಲಿ ಮಿಲ್ಟನ್ ಮೇಜು ಹಿಡಿದುಕೊಳ್ಳುತ್ತಿದ್ದ. ಮುದುಕಿಯೊಬ್ಬಳ ಕಣ್ಣು ಪರೀಕ್ಷೆ ಮಾಡುವಾಗ ಅವನ ಕೈ ಎಷ್ಟು ನಡುಗಿತೆಂದರೆ, ಆಕೆ "ಅಕ್ಷರ ಎಲ್ಲ ಅಲ್ಲಾಡ್ತಿದೆ ಡಾಕ್ಟ್ರೇ" ಎಂದು ಗಾಬರಿಯಾದಳು.

ಹೊರಡುವ ಹಿಂದಿನ ದಿನ ಕೋಲ್ಟರ್‌ನ ಬಾಯಲ್ಲಿ ದೇವರೇ ಮಾತಾಡಿದ. "ಮೇಲಿಂದ ನಾವಿಬ್ಬರೂ ಸೈಕಲ್ಲಲ್ಲಿ ಇಳೀತೀವಿ ಭಾವ. ವ್ಯಾನನ್ನ ಅಕ್ಕ ಕೆಳಕ್ಕೆ ತರ್ತಾಳೆ."

ಸವಾರರಿಗೆ ಇದೊಂದು ಶಿಕ್ಷೆ. ಮೇಲೆ ಬಿಟ್ಟ ಗಾಡಿಯನ್ನು ಯಾರಾದರೂ ಕೆಳಗೆ ತರಲೇಬೇಕು. ಕಡ್ಡಿ ಎತ್ತಿ, ಗಿಡ್ಡ ಕಡ್ಡಿ ಬಂದವನ ಕೈಗೆ ಕೀಲಿ ಕೊಟ್ಟು, ಸಂಜೆ ಅವನಿಗೆ ಬಿಯರ್ ಕೊಡಿಸಿ ಸಮಾಧಾನ ಮಾಡುತ್ತಾರೆ. ಇಂಥ ಶಿಕ್ಷೆಯನ್ನು ಬೇಡಿ ಪಡೆದವರು ಈವರೆಗೆ ಯಾರೂ ಇರಲಿಲ್ಲ.

"ಯಾಕೆ? ಯಾವಾಗಲೂ ಹೆಂಗಸರೇ ಯಾಕೆ ಗಾಡಿ ಇಳಿಸಬೇಕು?" ಎಂದು ಮಿಲ್ಟನ್ ಎದ್ದು ನಿಂತ. ದನಿಯಲ್ಲಿ ಸ್ತ್ರೀ ಸಮಾನತೆ ಉಕ್ಕುತ್ತಿತ್ತು. "ನಾನು ಇಳಿಸ್ತೀನಿ! ಗ್ಲೆಂಡಾ ನೆಮ್ಮದಿಯಾಗಿ..."

ಗ್ಲೆಂಡಾಳ ಕಣ್ಣಲ್ಲಿ ನೀರು ಬಂತು. "ನನಗೋಸ್ಕರ ವಿಧವೆಯ ಮೆಟ್ಟಿಲನ್ನೇ ಬಿಟ್ಟುಕೊಡ್ತೀಯಾ? ಹಾಗಾದ್ರೆ ನಿನ್ನ ಹಾರ್ಡ್‌ಟೇಲಲ್ಲಿ ನಾನು ಇಳೀತೀನಿ! ಹಾರ್ಡ್‌ಟೇಲ್ ಓಡಿಸೋನೇ ಸವಾರ ಅಂತ ನೀನೇ ಹೇಳಿಲ್ವಾ?"

ಇದನ್ನು ಮಿಲ್ಟನ್ ಯೋಚಿಸಿರಲಿಲ್ಲ. ಗ್ಲೆಂಡಾ ಗ್ರಂಥಾಲಯದ ಕೆಲಸಕ್ಕೆ ಬುಟ್ಟಿ ಕಟ್ಟಿದ ಸೈಕಲ್ಲಿನಲ್ಲಿ ಹೋಗುತ್ತಿದ್ದಳು, ಅಷ್ಟೇ. ಬೇಡ ಅನ್ನದಿದ್ದರೆ ಅವಳ ಮೂಳೆ ಮುರಿಯುತ್ತದೆ. ಬೇಡ ಅನ್ನಬೇಕಾದರೆ ಯಾಕೆ ಬೇಡ ಎಂದು ಹೇಳಬೇಕು. ಯಾಕೆ ಎಂದು ಹೇಳಿದರೆ ಅವನು ಹೇಡಿ ಎಂಬುದು ಹೊರಬೀಳುತ್ತದೆ. ದಾರಿಯುದ್ದಕ್ಕೂ ಅವನು ಈ ಎರಡು ಭಯಗಳನ್ನು ತೂಗಿ ನೋಡಿದ. ಪೈ ಕೂಡ ಅವನಿಗೆ ರುಚಿಸಲಿಲ್ಲ.

ಕೆಂಪುಬಂಡೆಯ ನೆತ್ತಿಯಲ್ಲಿ ಗ್ಲೆಂಡಾ ಹೆಲ್ಮೆಟ್ ಬಿಗಿದು ಹಾರ್ಡ್‌ಟೇಲ್ ಏರಿದಾಗ ಮಿಲ್ಟನ್‌ಗೆ ತಡೆಯಲಾಗಲಿಲ್ಲ. ಇಷ್ಟು ವರ್ಷದ ಮಾನ ಹೋದರೆ ಹೋಗಲಿ, ಈ ಹೆಂಗಸು ಉಳಿಯಲಿ ಎನಿಸಿತು. ಓಡಿಹೋಗಿ ಹ್ಯಾಂಡಲ್ ಹಿಡಿದ.

"ಬೇಡ ಗ್ಲೆಂಡಾ. ನನಗೆ ಭಯ ಆಗ್ತಿದೆ."

"ನನಗೋಸ್ಕರ ಭಯಾನಾ? ನಿನಗಾ?" ಅವಳು ಅವನ ಕೆನ್ನೆಗೆ ಮುತ್ತಿಟ್ಟಳು. "ಇನ್ನು ನನಗೇನೂ ಆಗಲ್ಲ ಬಿಡು." ಅವಳು ಹೊರಟೇ ಹೋದಳು, ಹಿಂದೆ ಕೋಲ್ಟರ್.

ಮಿಲ್ಟನ್ ವ್ಯಾನ್ ಹತ್ತಿ ತಳ ತಲುಪುವ ಅತಿ ಹತ್ತಿರದ ರಸ್ತೆಗೆ ತಿರುಗಿಸಿದ. ಬೇಗ ಹೋಗಿ ಅವಳ ಮೂಳೆಗಳನ್ನಾದರೂ ಆಯ್ದುಕೊಳ್ಳಬೇಕಲ್ಲ. ಸೈಕಲ್ ದಾರಿಯ ಕಲ್ಲು ಕಲ್ಲನ್ನೂ ಬಲ್ಲ ಆ ಮಹಾಯೋಜಕ, ವ್ಯಾನಿನ ರಸ್ತೆಯನ್ನು ಒಮ್ಮೆಯೂ ನೋಡಿರಲಿಲ್ಲ.

ಎರಡನೆಯ ತಿರುವಿನಲ್ಲಿ ಟಾರು ಮುಗಿಯಿತು. ಮೂರನೆಯದರಲ್ಲಿ ರಸ್ತೆಯೇ ಮುಗಿದಂತಿತ್ತು. ಬಲಗಡೆ ಬಂಡೆ ಕನ್ನಡಿಯನ್ನು ಸವರುತ್ತಿತ್ತು, ಎಡಗಡೆ ಕಿಟಕಿಯಾಚೆ ನೆಲವೇ ಇರಲಿಲ್ಲ. ಬಹಳ ಕೆಳಗೆ ಒಂದು ನದಿ ದಾರದಂತೆ ಕಾಣುತ್ತಿತ್ತು. ಬ್ರೇಕಿನ ಮೇಲೆ ಎರಡೂ ಕಾಲಿಟ್ಟು, ಅಂಗುಲ ಅಂಗುಲವಾಗಿ, ಬಾಲ್ಯದ ಪ್ರಾರ್ಥನೆಗಳನ್ನೆಲ್ಲ ಒಟ್ಟಿಗೆ ಹೇಳಿಕೊಳ್ಳುತ್ತ ಮಿಲ್ಟನ್ ಇಳಿದ. ಆಗ ಎದುರಿಗೆ ಒಂದು ಜೀಪು ಬಂತು. ಅತ್ತ ದರಿ, ಇತ್ತ ಪುಲಿ ಅನ್ನುತ್ತಾರಲ್ಲ, ಪುಲಿ ಜೀಪಿನಲ್ಲಿತ್ತು. ಬಿಳಿ ಜಡೆಯ ಒಬ್ಬ ಅಜ್ಜಿ, ಪಕ್ಕದ ಸೀಟಿನಲ್ಲಿ ನಾಯಿ.

"ಏರೋರಿಗೆ ಮೊದಲು ದಾರಿ ಮಗಾ! ಹಿಂದಕ್ಕೆ ತಗೋ!"

"ಹಿಂದಕ್ಕಾ?" ಎಂದ ಮಿಲ್ಟನ್. ರಿವರ್ಸ್ ಹಾಕಿದ. ವ್ಯಾನಿನ ಹಿಂಭಾಗ ಆಕಾಶದ ಕಡೆಗೆ ಹೊರಟಿತು.

"ಏಯ್, ಮೊದಲು ಕಣ್ಣು ತೆಗಿಯೋ!" ಎಂದು ಅಜ್ಜಿ ಕೂಗಿದಳು. ಅವನಿಗೆ ಅಳು ಒತ್ತಿಕೊಂಡು ಬಂತು, ಅತ್ತ. ಕೊನೆಗೆ ಅಜ್ಜಿ ಇಳಿದು ಬಂದು, "ಅಳ್ತಾನೇ ಬಲಕ್ಕೆ ತಿರುಗಿಸು ಕಂದಾ, ಹಾಂ, ಹಾಗೆ" ಎಂದು ಕೈಸನ್ನೆ ಮಾಡಿ ಅವನನ್ನು ಬಂಡೆಯ ಸಂದಿಗೆ ಸೇರಿಸಿದಳು. ನಾಯಿ ಅವನನ್ನೇ ದಿಟ್ಟಿಸಿ ನೋಡಿತು.

ತಳದಲ್ಲಿ ಗ್ಲೆಂಡಾ ಮರದ ನೆರಳಲ್ಲಿ ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಮೊಣಕಾಲು ತರಚಿದ್ದು ಬಿಟ್ಟರೆ ಮೂಳೆಗಳೆಲ್ಲ ಸ್ವಸ್ಥಾನದಲ್ಲಿದ್ದವು. ಮಿಲ್ಟನ್ ಅವಳನ್ನು ಅಪ್ಪಿಕೊಂಡು ಬಿಡಲೇ ಇಲ್ಲ.

"ಎಷ್ಟು ಮಜಾ ಬಂತು ಗೊತ್ತಾ! ಅರ್ಧಕ್ಕರ್ಧ ಇಳಿದು ತಳ್ಕೊಂಡೇ ಬಂದೆ."

"ತಳ್ಕೊಂಡು... ಬರಬಹುದಾ?"

"ಎಲ್ಲರೂ ಹಾಗೇ ಭಾವ," ಎಂದ ಕೋಲ್ಟರ್. "ತಳ್ಕೊಂಡು ಹೋಗೋದನ್ನ ಯಾರು ವಿಡಿಯೋ ಮಾಡ್ತಾರೆ? ಅದಿರಲಿ, ನೀವು ಆ ಜೀಪ್ ದಾರೀಲಿ ಇಳಿಸಿದ್ರಾ? ವ್ಯಾನನ್ನಾ? ಅಯ್ಯಪ್ಪಾ! ಎಲ್ಲರೂ ಟಾರು ರಸ್ತೇಲಿ ಸುತ್ತಿ ಬರೋದು!"

ಮಿಲ್ಟನ್ ಕುಸಿದು ಕುಳಿತ. ಇನ್ನು ಅವನಲ್ಲಿ ಸುಳ್ಳು ಉಳಿದಿರಲಿಲ್ಲ. "ಗ್ಲೆಂಡಾ, ನಾನು ಕಣ್ಣು ಮುಚ್ಕೊಂಡಿದ್ದೆ. ಅಜ್ಜಿ ಎದುರಿಗೆ ಅತ್ತೆ. ನಾನು ಹುಟ್ಟಾ ಹೇಡಿ ಕಣೇ. ಹಾರ್ಡ್‌ಟೇಲ್ ಗೀರ್ಡ್‌ಟೇಲ್ ಎಲ್ಲ ಬರೀ ನೆಪ." ಹೇಳಿ ಮುಗಿಸಿದಾಗ ಎದೆ ಹಗುರಾಯಿತು. ಅವಳ ಮುಖ ಬಾಡುವುದನ್ನು ಕಾಯುತ್ತ ಕುಳಿತ.

ಗ್ಲೆಂಡಾ ಅವನ ಕೈಯನ್ನು ಹಿಡಿದುಕೊಂಡಳು. "ಕೇಳಿದ್ಯೇನೋ ಕೋಲ್ಟರ್? ನಾನು ತಳ್ಕೊಂಡು ಬಂದೆ ಅಂತ ನನಗೆ ನಾಚಿಕೆ ಆಗಬಾರದು ನೋಡು, ಅದಕ್ಕೆ ತಾನೂ ಹೆದರಿದೆ ಅಂತಿದ್ದಾನೆ! ಇಂಥ ಗಂಡ ಯಾರಿಗೆ ಸಿಗ್ತಾನೆ?"

ಮದುವೆಯಾದಾಗಿನಿಂದ ಮೊದಲ ಸಲ ಮಿಲ್ಟನ್ ನಿಜ ಹೇಳಿದ್ದ. ಮೊದಲ ಸಲ ಅವಳು ನಂಬಲಿಲ್ಲ.

ಮಿಲ್ಟನ್ ಜೀಪ್ ದಾರಿಯಲ್ಲಿ ವ್ಯಾನು ಇಳಿಸಿದ ಸುದ್ದಿ ಸೋಮವಾರದ ಹೊತ್ತಿಗೆ ಡುರಾಂಗೋಗೆಲ್ಲ ಮುಟ್ಟಿತ್ತು. ಶನಿವಾರದ ಗೆಳೆಯರು ಮುಂದಿನ ತಿಂಗಳಿನ ಪ್ರವಾಸಕ್ಕೆ ಶವಪೆಟ್ಟಿಗೆ ತಿರುವು ಎಂಬ ಘಾಟಿಯನ್ನು ಆರಿಸಿದರು. ಅಲ್ಲಿ ಸುತ್ತಿ ಬರಲು ಬೇರೆ ರಸ್ತೆಯೇ ಇಲ್ಲ. ಈ ಸಲ ಕಡ್ಡಿ ಎತ್ತುವ ಮಾತೇ ಬರಲಿಲ್ಲ.

"ನಾನು ಸೈಕಲ್ಲಲ್ಲೇ ಬರ್ತೀನಿ," ಎಂದು ಮಿಲ್ಟನ್ ಅಂಗಲಾಚಿದ. "ಉದ್ದಕ್ಕೂ ತಳ್ಕೊಂಡಾದ್ರೂ ಬರ್ತೀನಿ. ನನ್ನ ಹಾರ್ಡ್‌ಟೇಲ್ ನನಗೆ ಕೊಡು ಗ್ಲೆಂಡಾ."

"ಸುಮ್ನಿರು, ನಮ್ಮ ಜೊತೆ ತಳ್ಕೊಂಡು ನಡೆಯೋ ಹಣೆಬರಹ ನಿನಗ್ಯಾಕೆ?" ಎಂದು ಗ್ಲೆಂಡಾ ವ್ಯಾನಿನ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. "ಸೈಕಲ್ ನನಗಿರಲಿ. ಅದು ನಮ್ಮಂಥ ಪುಕ್ಕಲರಿಗೆ."