ಮಾಸ್ತರರ ಏಳು ಪದ್ಯ, ಪುಣೆಯ ನಾಲ್ಕು ವಾದ್ಯ

ಕಡಿಮೆ ಮಾತಾಡುವವರ ಮೇಲೆ ಜನ ಹೆಚ್ಚು ಕೆಲಸ ಹೊರಿಸುತ್ತಾರೆ. ಬೇಡ ಅನ್ನಲು ನಾವು ಸರಿಯಾದ ಶಬ್ದ ಹುಡುಕುವಷ್ಟರಲ್ಲಿ ಅವರು ಚಹಾ ಮುಗಿಸಿ ಎದ್ದು ಹೋಗಿರುತ್ತಾರೆ. ಹುಮನಾಬಾದಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ನನ್ನ ಪಾಲಿಗೆ ಹೀಗೆ ಬಂದದ್ದು ಮದುವೆಯ ಮಧ್ಯಸ್ಥಿಕೆ, ನಿಘಂಟಿನ ತಕರಾರು, ಒಂದು ಸಲ ಕಳೆದುಹೋದ ಎಮ್ಮೆ. ಹೋದ ವರ್ಷ ಬಂದದ್ದು ಸೊಪ್ರಾನೊ.

ಸೊಪ್ರಾನೊ ಅಂದರೆ ಪಾಶ್ಚಾತ್ಯ ಸಂಗೀತದಲ್ಲಿ ಹೆಣ್ಣುದನಿಗಳಲ್ಲೇ ಎಲ್ಲಕ್ಕಿಂತ ಮೇಲೆ ಹೋಗುವ ದನಿ. ಆ ದನಿಯಲ್ಲಿ ಹಾಡುವಾಕೆಗೂ ಅದೇ ಹೆಸರು. ಪುಣೆಯಲ್ಲಿ ಆ ಪದ್ಧತಿಯ ಸಂಗೀತ ರಚಿಸುವ ತರುಣನೊಬ್ಬನಿದ್ದಾನೆ. ಅವನಿಗೆ ಹಳೆಯ ಪುಸ್ತಕದ ಅಂಗಡಿಯಲ್ಲಿ ನನಗೆ ಶಾಲೆಯಲ್ಲಿ ಕಲಿಸಿದ ಹೆಡ್‌ಮಾಸ್ತರರ ತೆಳ್ಳನೆಯ ಕವನ ಸಂಕಲನ ಸಿಕ್ಕಿತ್ತು. ತಾಯಿಯ ಕಡೆಯಿಂದ ಕನ್ನಡ ಬಲ್ಲ ಅವನು ಅದರೊಳಗಿನ ಏಳು ಪದ್ಯಗಳನ್ನು ಒಂದರ ಬೆನ್ನಿಗೊಂದು ಪೋಣಿಸಿ, ಸೊಪ್ರಾನೊ ಮತ್ತು ನಾಲ್ಕು ವಾದ್ಯಗಳಿಗೆ ಒಂದು ಗೀತಮಾಲೆ ಮಾಡಿದ. ಎರಡು ವರ್ಷ ಬೇರೆ ಏನನ್ನೂ ಮುಟ್ಟಲಿಲ್ಲ. ಎಲ್ಲ ಮುಗಿದ ಮೇಲೆ ಕವಿಯ ಒಪ್ಪಿಗೆ ಬೇಕಲ್ಲ ಎಂದು ನೆನಪಾಯಿತು. ಮಾಸ್ತರರು ಫೋನು ಇಟ್ಟುಕೊಳ್ಳುವುದಿಲ್ಲ. ಅವರ ಶಿಷ್ಯ ಅಂತ ಯಾರೋ ನನ್ನ ಹೆಸರು ಹೇಳಿದರು.

ಶ್ರುತಿ

ಮಾಸ್ತರರು ಬಸವಕಲ್ಯಾಣದ ಶಾಲೆಯಲ್ಲಿ ಆಯುಷ್ಯ ಕಳೆದು ಈಗ ಹುಡಗಿಯಲ್ಲಿ ಮಗಳ ಮನೆಯಲ್ಲಿ ಆರಾಮಾಗಿದ್ದಾರೆ. ತರುಣನನ್ನು ಕರೆದುಕೊಂಡು ಹೋದೆ. ಅವನು ಕಾಲಿಗೆರಗಿ, ಪುಟ್ಟ ಸ್ಪೀಕರ್ ಒಂದನ್ನು ಕಟ್ಟೆಯ ಮೇಲಿಟ್ಟು, ಫೋನಿನಿಂದ ಮೊದಲನೆಯ ಹಾಡು ಹಾಕಿದ. ಮಾಸ್ತರರು ಕಣ್ಣು ಮುಚ್ಚಿದರು. ಪಿಟೀಲು ಒಮ್ಮೆ ಕುಂಯ್ ಅಂದಿತು. ಚೆಲ್ಲೊ, ಅಂದರೆ ಎದುರಿಗೆ ನಿಲ್ಲಿಸಿಕೊಂಡು ಕೊಯ್ಯುವ ದೊಡ್ಡ ಪಿಟೀಲು, ಆಳದಲ್ಲಿ ಗೊರಗುಟ್ಟಿತು. ಸೊಪ್ರಾನೊ ಒಂದು ಅಕ್ಷರ ಹಿಡಿದು ಮಾಳಿಗೆ ಹತ್ತಿದಳು, ಅಲ್ಲೇ ಅಡ್ಡಾಡಿದಳು, ಬೇರೆ ಅಕ್ಷರ ಹಿಡಿದು ಇಳಿದಳು. ಕೊನೆಗೆ ಎಲ್ಲ ನಿಂತಿತು. ಅಂಗಳದ ಕೋಳಿಯೂ ಸುಮ್ಮನಿತ್ತು.

ಮಾಸ್ತರರು ಕಣ್ಣು ತೆರೆಯಲಿಲ್ಲ. ಬಹಳ ಹೊತ್ತಾದ ಮೇಲೆ ನಾನೇ, "ಸರ್, ಹ್ಯಾಂಗನಿಸ್ತು?" ಎಂದೆ.

"ಛಲೋ ಶ್ರುತಿ ಕೂಡಿಸ್ಯಾರ," ಅಂದರು. "ಇನ್ನ ಹಾಡು ಶುರು ಮಾಡಂತ ಹೇಳು."

ಅದೇ ಹಾಡು ಅಂತ ತಿಳಿಸಿ ಹೇಳಲು ಇನ್ನೊಂದು ಚಹಾ ಬೇಕಾಯಿತು. ಮಾಸ್ತರರು ಸಿಟ್ಟಾಗಲಿಲ್ಲ. ಒಂದೇ ಮಾತು ಹೇಳಿದರು. "ಫೋನಿನ್ಯಾಗ ಕೇಳಿ ನಾ ಹೂಂ ಅನ್ನಂಗಿಲ್ಲ. ಬಸವಕಲ್ಯಾಣದಾಗ ಎದುರಿಗೆ ಕೂತು ಕೇಳತೀನಿ. ಪದ್ಯ ಪದ್ಯಾಗಿ ಉಳದಿದ್ರ ಎಲ್ಲಿ ಬೇಕಾದ್ರ ಹಾಡ್ರಿ. ಕೆಟ್ಟಿದ್ರ ಅಲ್ಲೇ ಎದ್ದು ಹೋಗತೀನಿ. ಮುಂದ ಅದನ್ನ ಎಲ್ಲೂ ಹಾಡಬಾರ್ದು."

ತರುಣ ಒಪ್ಪಿದ. ಬರುವಾಗ ಬಸ್ಸಿನಲ್ಲಿ ಮಾತ್ರ ಅವನ ಮುಖ ನೋಡಲಾಗಲಿಲ್ಲ. "ಎರಡು ವರ್ಷ ಸರ್," ಅಂದ. ಮನ್ನಾಏಖೇಳ್ಳಿಯ ಸಂಬಂಧಿಕರ ಮನೆಗೆ ಹೊರಟಿದ್ದ ಪಕ್ಕದ ಸೀಟಿನ ಮುದುಕಿ ಅದನ್ನು ಕೇಳಿ, "ಎರಡ ವರ್ಷೇನ್ ಭಾಳಾತಪಾ, ನನ್ನ ಮಗಳಿಗೆ ಆರು ವರ್ಷ ವರ ಸಿಗಲಿಲ್ಲ. ನೀ ಗಂಡಸು," ಎಂದು ಧೈರ್ಯ ಹೇಳಿದಳು.

ಪ್ರಾದೇಶಿಕ ಶೈಲಿ

ಸೊಪ್ರಾನೊ ಗೋವಾದ ಹುಡುಗಿ. ಕನ್ನಡ ಒಂದಕ್ಷರ ಬಾರದು. ಉಚ್ಚಾರ ಕಲಿಸುವ ಜಿಮ್ಮೇದಾರಿಯೂ ನನಗೇ ಬಂತು. ಏಳೂ ಪದ್ಯಗಳನ್ನು ಸಾಲು ಸಾಲಾಗಿ ಓದಿ ಫೋನಿನಲ್ಲಿ ಧ್ವನಿ ಕಳಿಸುತ್ತಿದ್ದೆ. ಹೆದ್ದಾರಿಯ ಪಕ್ಕದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಫುರ್ಸತ್ತಿದ್ದಾಗ ಮೂಲೆಗೆ ಮುಖ ಮಾಡಿ ಓದುತ್ತಿದ್ದೆ. ಸಹೋದ್ಯೋಗಿಗಳು ಮೊದಮೊದಲು ಅದನ್ನು ಬೇರೆ ಏನೋ ಅಂದುಕೊಂಡು ನನ್ನ ಕಡೆ ಮರುಕದಿಂದ ನೋಡುತ್ತಿದ್ದರು.

ಕಾರ್ಯಕ್ರಮದ ಹಿಂದಿನ ದಿನ ತಂಡ ಬಂತು. ನಮ್ಮ ಕಾಲೇಜಿನ ಖಾಲಿ ಕೋಣೆಯೊಂದರಲ್ಲಿ ತಾಲೀಮು. ಹುಡುಗಿ ಹಾಡತೊಡಗಿದಳು. ಳಕಾರ ಳಕಾರವೇ, ಹಕಾರ ಹಕಾರವೇ. ನನ್ನ ಎದೆ ಹಗುರಾಯಿತು. ಎರಡನೆಯ ಸಾಲು ಮುಗಿಯಿತು. ಅವಳು ಗಂಟಲನ್ನು ಗಟ್ಟಿಯಾಗಿ ಕೆರೆದಳು. ಚೆಲ್ಲೊ ಅದೇ ತರಹ ಕೆರೆಯಿತು. ಮುಂದಿನ ಸಾಲು. ಮತ್ತೆ ಅವಳು, ಮತ್ತೆ ಚೆಲ್ಲೊ.

ನೀರು ಕೊಡಲು ಹೋದೆ. ಬೇಡ ಅಂದಳು. ತರುಣ ನನ್ನ ಹತ್ತಿರ ಬಂದು ಪಿಸುಗುಟ್ಟಿದ. "ಸರ್, ನೀವು ಓದುವಾಗ ಎರಡು ಸಾಲಿಗೊಮ್ಮೆ ಆ ನಾದ ಮಾಡುತ್ತೀರಲ್ಲ, ಅದ್ಭುತ. ಚೆಲ್ಲೊಗೆ ಅದನ್ನೇ ಆಧಾರ ಮಾಡಿದ್ದೇನೆ. ಅದು ಈ ಸೀಮೆಯ ಕಾವ್ಯವಾಚನದ ಶೈಲಿ, ಹೌದಲ್ಲ?"

ಸುಳ್ಳು ಹೇಳುವ ಆಸೆ ಒಂದು ಕ್ಷಣ ಬಂದದ್ದು ನಿಜ. ಮಾಸ್ತರರ ಮುಖ ನೆನಪಾಯಿತು.

"ಅಲ್ಲಪ್ಪಾ," ಎಂದೆ. "ಅದು ಹೆದ್ದಾರಿಯ ಧೂಳು."

ಎಣಿಸುವ ಕೆಲಸ

ನಾಲ್ಕು ವಾದ್ಯಗಳಲ್ಲಿ ಪಿಯಾನೊ ಒಂದು. ಪಿಯಾನೊ ಈ ಕಡೆ ಯಾರೂ ಕಂಡದ್ದಿಲ್ಲ. ಕೊನೆಗೆ ಹುಮನಾಬಾದಿನ ಮದುವೆ ಬ್ಯಾಂಡಿನ ಮಾಲೀಕರು ತಮ್ಮ ಕೀಬೋರ್ಡು ಕೊಟ್ಟರು. ಅವರನ್ನು ಎಲ್ಲರೂ ಚಾಚಾ ಅನ್ನುತ್ತಾರೆ. ಸ್ವತಃ ಕ್ಲಾರಿಯೊನೆಟ್ ಊದುವವರು. ಬರಾತಿನ ಮುಂದೆ ನಿಂತರೆ ಮದುಮಗ ಕುದುರೆ ಇಳಿದು ಒಳಗೆ ಹೋಗುವವರೆಗೆ ಬಾಯಿಂದ ತೆಗೆಯುವುದಿಲ್ಲ. ಪುಣೆಯಿಂದಲೂ ಒಬ್ಬ ಕ್ಲಾರಿಯೊನೆಟ್‌ನವನು ಬಂದಿದ್ದಾನೆ ಅಂತ ತಿಳಿದು, ಕೀಬೋರ್ಡು ಹೊತ್ತ ಡ್ರಮ್ಮಿನವನ ಜೊತೆ ತಾವೂ ತಾಲೀಮಿಗೆ ಬಂದು ಕೂತರು.

ಹೊಸ ಸಂಗೀತದ ರೀತಿ ಬೇರೆ. ಅಲ್ಲಿ ವಾದ್ಯ ನುಡಿಯುವುದಕ್ಕಿಂತ ಸುಮ್ಮನಿರುವುದು ಹೆಚ್ಚು. ಮೂರನೆಯ ಹಾಡಿನಲ್ಲಿ ಕ್ಲಾರಿಯೊನೆಟ್‌ಗೆ ಆರಂಭದಲ್ಲಿ ಒಂದು ಸ್ವರ, ಕೊನೆಯಲ್ಲಿ ಒಂದು ಸ್ವರ. ನಡುವೆ ಆ ಹುಡುಗ ವಾದ್ಯ ತೊಡೆಯ ಮೇಲಿಟ್ಟು ತುಟಿ ಅಲುಗಿಸುತ್ತ ಕೂತಿದ್ದ. ಚಾಚಾ ಸ್ವಲ್ಪ ಹೊತ್ತು ತಡೆದರು. ಆಮೇಲೆ ಮೆಲ್ಲಗೆ ಅವನ ಬೆನ್ನ ಹಿಂದೆ ಹೋಗಿ, "ಬೇಟಾ, ಸುಸ್ತ್ ಆಗೇದೇನು? ಫಿಕರ್ ಮಾಡಬ್ಯಾಡ. ಕೊಡು ಇಲ್ಲಿ, ನಡಬರ್ಕ ನಾ ಊದತೀನಿ," ಎಂದರು.

ಹುಡುಗ ಕೈಯಿಂದ ತಡೆದ. ಹಾಡು ಮುಗಿದ ಮೇಲೆ ನಾನು ಚಾಚಾಗೆ ವಿವರಿಸಿದೆ. "ಅಂವ ದಣದಿಲ್ಲ ಚಾಚಾ. ತನ್ನ ಪಾಳಿ ಯಾವಾಗ ಬರತದ ಅಂತ ಎಣಸಾಕತ್ತಾನ. ಒಂದು ತಪ್ಪಿದರೂ ಎಲ್ಲ ಕೆಡತದ."

ಚಾಚಾ ಅವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ತಮ್ಮ ಬ್ಯಾಂಡಿನ ಡ್ರಮ್ಮಿನವನ ಕಡೆ ತಿರುಗಿದರು. "ನೋಡೋ. ಊದೋದು ಮನ್ಯಾಗಿದ್ದವರೂ ಊದತಾರ. ಎಣಸಾಕ ಪುಣೆದಿಂದ ಕರಸ್ಯಾರ."

ನಿಲ್ಲಿಸದ ಸನ್ಮಾನ

ಬಸವಕಲ್ಯಾಣದಲ್ಲಿ ಸಭಾಂಗಣ ಕೊಡಿಸಿದ ಸಮಿತಿಯ ಅಧ್ಯಕ್ಷರು ಸೀರೆ ವ್ಯಾಪಾರಿ. ಬಹಳ ಒಳ್ಳೆಯವರು. ಅವರ ಊರಿನಲ್ಲಿ ಅತಿಥಿ ಬಂದು ಸನ್ಮಾನವಿಲ್ಲದೆ ಹೋದರೆ ಅವರಿಗೆ ಊಟ ಸೇರುವುದಿಲ್ಲ. ನಮ್ಮ ಕಡೆ ಕಾರ್ಯಕ್ರಮದ ನಡುವೆ ಯಾರಾದರೂ ಗಣ್ಯರು ಬಂದರೆ ಹಾಡು ನಿಲ್ಲುತ್ತದೆ. ಶಾಲು, ಹಾರ, ಕಾಯಿ, ಎರಡು ಮಾತು. ಮತ್ತೆ ಹಾಡು. ಯಾರಿಗೂ ಇದರಿಂದ ತೊಂದರೆಯಾದದ್ದಿಲ್ಲ.

ತರುಣ ಕೈಮುಗಿದು ಕೇಳಿಕೊಂಡಿದ್ದ. "ಏಳೂ ಹಾಡು ಸೇರಿ ಒಂದೇ ಕೃತಿ. ದಯಮಾಡಿ ನಡುವೆ ನಿಲ್ಲಿಸಬೇಡಿ. ಚಪ್ಪಾಳೆಯೂ ಕೊನೆಗೇ."

"ಬೇಫಿಕರ್ ಇರ್ರಿ," ಅಂದರು ಅಧ್ಯಕ್ಷರು. "ನಾ ನಿಲ್ಲಸಂಗಿಲ್ಲ. ಮಾತ ಕೊಟ್ಟೀನಿ."

ಸಂಜೆ ಸಭಾಂಗಣ ತುಂಬಿತು. ಮಾಸ್ತರರ ಪದ್ಯ ಅಂತ ತಿಳಿದು ಅವರ ಹಳೆಯ ವಿದ್ಯಾರ್ಥಿಗಳು ತುಂಬ ಜನ ಬಂದಿದ್ದರು. ಮಾಸ್ತರರು ಮೊದಲನೆಯ ಸಾಲಿನಲ್ಲಿ, ಪಕ್ಕದಲ್ಲಿ ನಾನು. ಮೂರು ಹಾಡು ಸುಸೂತ್ರ ದಾಟಿದವು. ಮಾಸ್ತರರ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ನಾಲ್ಕನೆಯದು ಅರ್ಧಕ್ಕೆ ಬಂದಾಗ ಅಧ್ಯಕ್ಷರು ಚಪ್ಪಲಿ ಬಿಟ್ಟು, ತುದಿಗಾಲಿನಲ್ಲಿ ವೇದಿಕೆ ಹತ್ತಿದರು. ಹಿಂದೆ ಅವರ ಶ್ರೀಮತಿ, ತಟ್ಟೆ ಹಿಡಿದು. ಹುಡುಗಿ ಬಹಳ ಮೇಲಿನ ಸ್ವರವೊಂದರಲ್ಲಿ ನಿಂತಿದ್ದಳು. ಅವಳು ಅಲ್ಲಿರುವಾಗಲೇ ಶಾಲು ಹೊದಿಸಿದರು. ಅವಳು ಇಳಿಯುವಾಗ ಹಾರ ಹಾಕಿದರು. ಸ್ವಲ್ಪ ಕೆಳಗೆ ಬಂದಾಗ ಕೈಗೆ ಕಾಯಿ ಇಟ್ಟರು. ಚೆಲ್ಲೊದವಳಿಗೆ ಎರಡು ಕೈಯೂ ಖಾಲಿ ಇರಲಿಲ್ಲ, ಹೀಗಾಗಿ ಕಾಯಿ ಮಡಿಲಿಗೆ ಬಂತು. ಹುಡುಗಿ ಒಂದು ಅಕ್ಷರವನ್ನೂ ಬಿಡಲಿಲ್ಲ. ಉಳಿದ ಹಾಡನ್ನು ತೆಂಗಿನಕಾಯಿಯನ್ನು ಎದೆಗವಚಿಕೊಂಡೇ ಮುಗಿಸಿದಳು.

ಕೆಳಗಿಳಿದು ಬಂದ ಅಧ್ಯಕ್ಷರನ್ನು ನಾನು ಹೇಗೆ ನೋಡಿದೆನೋ ಏನೋ. ಅವರು ಬಗ್ಗಿ ನನ್ನ ಕಿವಿಯಲ್ಲಿ, "ಯಾಕ್ರಿ ಸರ, ಹಂಗ ನೋಡಾಕತ್ತೀರಿ? ನಾ ಎಲ್ಲಿ ನಿಲ್ಲಿಸೀನಿ?" ಎಂದರು.

ಬಾವಿ

ಐದು, ಆರೂ ಮುಗಿದು ಉಳಿದದ್ದು ಏಳನೆಯ ಹಾಡು. ಅದರಲ್ಲೇ ತರುಣನ ಜೀವವಿತ್ತು. ಬಾವಿಯ ಪದ್ಯ ಅದು. ಒಬ್ಬ ಬಾವಿಗೆ ಬಾಗಿ ಒಂದು ಹೆಸರು ಕೂಗುತ್ತಾನೆ. ಅಲ್ಲಿ ತರುಣ ಹಾಡನ್ನೂ ವಾದ್ಯಗಳನ್ನೂ ನಿಲ್ಲಿಸಿ ದೀರ್ಘ ಮೌನ ಇಟ್ಟಿದ್ದ. ಎಲ್ಲರೂ ಕಲ್ಲಿನಂತೆ ಕೂತಿರಬೇಕು. ಆಮೇಲೆ ಕೊನೆಯ ಸಾಲು. ಮೌನವೇ ಈ ಕೃತಿಯ ಶಿಖರ ಅಂತ ನನಗೆ ಹೇಳಿದ್ದ. ಮಾಸ್ತರರಿಗೆ ಹೇಳಲು ನನಗೆ ಧೈರ್ಯ ಬಂದಿರಲಿಲ್ಲ. ಕವಿ ಬರೆಯದ್ದನ್ನು ಸೇರಿಸಿದಂತಲ್ಲವೇ ಅದು?

ಹುಡುಗಿ ಹಾಡಿದಳು. "ಬಾವಿಗೆ ಬಾಗಿ ಹೆಸರನು ಕೂಗಿದೆ..."

ನಿಲ್ಲಿಸಿದಳು. ಪಿಟೀಲಿನ ಕಮಾನು ಗಾಳಿಯಲ್ಲಿ ನಿಂತಿತು. ಎದುರು ನಿಂತು ತಾಳ ತೋರಿಸುತ್ತಿದ್ದ ತರುಣನ ಎರಡೂ ಕೈ ಮೇಲೆಯೇ ಇದ್ದವು. ಸಭಾಂಗಣದ ಫ್ಯಾನುಗಳ ಸದ್ದು ಮಾತ್ರ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟ ಸಂಗತಿಯೊಂದಿತ್ತು. ಆ ಪದ್ಯವನ್ನು ಮಾಸ್ತರರು ಮೂರನೆಯ ಇಯತ್ತೆಯ ಮಕ್ಕಳಿಗೆಲ್ಲ ವರ್ಷ ವರ್ಷವೂ ಬಾಯಿಪಾಠ ಮಾಡಿಸಿದ್ದರು. ಬರೆದವರು ಯಾರು ಅಂತ ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಸಭಾಂಗಣದಲ್ಲಿದ್ದ ಅರ್ಧಕ್ಕರ್ಧ ಜನರಿಗೆ ಅದು ಮಗ್ಗಿಯಷ್ಟು ಪಾಠವಾಗಿತ್ತು. ವೇದಿಕೆಯ ಮೇಲೆ ಪರವೂರ ಹುಡುಗಿ ಬಾಯಿ ಮುಚ್ಚಿ ನಿಂತಿದ್ದಾಳೆ. ಪಾಪ, ಮರೆತಿದ್ದಾಳೆ. ಇಂಥ ಹೊತ್ತಿನಲ್ಲಿ ನಮ್ಮ ಜನ ಕೈಬಿಡುವವರಲ್ಲ.

ಮೊದಲು ಹಿಂದಿನಿಂದ ವಕೀಲರೊಬ್ಬರು ಮೆಲ್ಲಗೆ ಎತ್ತಿಕೊಟ್ಟರು. "ಬಾವಿಯೆ ನನ್ನನು..." ಹೆಂಗಸರ ಕಡೆಯಿಂದ ಇನ್ನೊಂದು ದನಿ. ಆಮೇಲೆ ಇಡೀ ಸಭಾಂಗಣ, ಬ್ಯಾಂಕಿನ ಮ್ಯಾನೇಜರು, ಔಷಧಿ ಅಂಗಡಿಯವರು, ಸೀರೆಯ ಅಧ್ಯಕ್ಷರು, ಎಲ್ಲರೂ ಮಗ್ಗಿಯ ಧಾಟಿಯಲ್ಲಿ ತಲೆ ಅಲ್ಲಾಡಿಸುತ್ತ, "ಬಾವಿಯೆ ನನ್ನನು ಕರೆಯಿತು" ಎಂದು ಹೇಳಿ ಮುಗಿಸಿದರು. ನನ್ನ ಬಾಯಿಯೂ ಅಲುಗಿತ್ತು ಅಂತ ಆಮೇಲೆ ಗೊತ್ತಾಯಿತು.

ತರುಣನ ಕೈಗಳು ಮೆಲ್ಲಗೆ ಕೆಳಗಿಳಿದವು. ಎರಡು ವರ್ಷ ಇಳಿದಂತೆ ಇಳಿದವು.

ಮಾಸ್ತರರು ಎದ್ದು ನಿಂತರು.

ಹೋಯಿತು ಅಂದುಕೊಂಡೆ. ಅವರ ತೋಳು ಹಿಡಿಯಲು ಕೈ ಚಾಚಿದೆ. ಅವರು ಬಾಗಿಲಿನ ಕಡೆ ನಡೆಯಲಿಲ್ಲ. ವೇದಿಕೆಗೆ ಬೆನ್ನು ಮಾಡಿ, ಸಭೆಯ ಕಡೆ ತಿರುಗಿದರು.

"ಎಷ್ಟ ಸಲ ಹೇಳೀನಿ?" ಅಂದರು. ದನಿ ಎತ್ತರಿಸಲಿಲ್ಲ. ಶಾಲೆಯಲ್ಲೂ ಎತ್ತರಿಸುತ್ತಿರಲಿಲ್ಲ. "ಬಾವ್ಯಾಗ ಕೂಗಿದ ಮ್ಯಾಲ ಅದು ತಿರುಗಿ ಕೂಗೋತನಕ ಕಾಯಬೇಕೋ ಬ್ಯಾಡೋ? ಅಲ್ಲಿ ನಿಂದರ್ರಿ, ನಿಂದರ್ರಿ ಅಂತ ಮೂರನೇತ್ತೆಯಿಂದ ಬಡಕೊಂಡೆ. ಒಬ್ಬರರೆ ನಿಂತೀರಾ? ರೈಲು ಹೊಂಟಂಗ ಹೇಳಿ ಮುಗಸ್ತಿದ್ರಿ. ಈಗೂ ಅದನ್ನೇ ಮಾಡಿದ್ರಿ."

ವಕೀಲರು ಮುಂದಿನವರ ಬೆನ್ನ ಹಿಂದೆ ಸರಿದರು.

"ಇಷ್ಟ ವರ್ಷಕ್ಕ ಒಬ್ಬಾಕಿ ನಿಂತಾಳ. ಕನ್ನಡ ಬರಂಗಿಲ್ಲಂತ ಆಕಿಗೆ." ಅರೆ ತಿರುಗಿ ತರುಣನಿಗೆ, "ತಮ್ಮಾ, ಎಲ್ಲಿ ಬೇಕಾದ್ರ ಹಾಡಸು. ಆದ್ರ ಈಗ ಅದನ್ನ ಮತ್ತೊಮ್ಮೆ ಮೊದಲಿನಿಂದ ಹಾಡಸು. ಇವರು ಕಲೀಲಿ," ಅಂದರು.

ತರುಣ ಕಣ್ಣೊರೆಸಿಕೊಂಡು ಕೈ ಎತ್ತಿದ. ಮಾಸ್ತರರು ಕೂಡುವ ಮೊದಲು ಇನ್ನೊಂದು ಮಾತು ಹೇಳಿದರು.

"ಹಿಂದಿನ ಬೆಂಚು, ಹಾಡು ಮುಗಿಯೋತನಕ ಎದ್ದು ನಿಂದರ್ರಿ."

ಹಿಂದಿನ ಸಾಲು ಪೂರ್ತಿ ಎದ್ದು ನಿಂತಿತು. ಅದರಲ್ಲಿ ಹೊಸದಾಗಿ ಬಂದ ಪೊಲೀಸ್ ಇನ್ಸ್‌ಪೆಕ್ಟರೂ ಇದ್ದರು. ಕೈಕಟ್ಟಿ, ತಲೆ ತಗ್ಗಿಸಿ, ಕೊನೆಯವರೆಗೂ ಮಿಸುಕದೆ ನಿಂತಿದ್ದರು. ಅವರು ಮಂಡ್ಯದ ಕಡೆಯವರು, ಬಸವಕಲ್ಯಾಣಕ್ಕೆ ವರ್ಗವಾಗಿ ಬಂದು ತಿಂಗಳೂ ಆಗಿರಲಿಲ್ಲ.